ಜಪಾನಿನ ಋತುಮಾನದ ಮನೆಯಡುಗೆ

ಆಯಾ ಕಾಲದಲ್ಲಿ ಬಲಿತು ಕೈಗೆ ಸಿಗುವ ತರಕಾರಿ, ಸೊಪ್ಪು, ಮೀನು, ಹಣ್ಣುಗಳನ್ನು ಕೆಲವೇ ಸರಳ ವಿಧಾನಗಳಲ್ಲಿ ಅಡುಗೆ ಮಾಡಿ ಅನ್ನ ಮತ್ತು ಸಾರಿನೊಂದಿಗೆ ಬಡಿಸುವ, ಜಪಾನಿನ ಮನೆಗಳ ದಿನನಿತ್ಯದ ಪದ್ಧತಿ. ಪದಾರ್ಥವೊಂದು ಅತ್ಯಂತ ರುಚಿಯಾಗಿಯೂ ಹೇರಳವಾಗಿಯೂ ಸಿಗುವ ಅವಧಿಗೆ ಅಲ್ಲಿ ‘ಶುನ್’ ಎಂದು ಹೆಸರು. ಅದಕ್ಕೂ ಮುಂಚೆ ಪೇಟೆಗೆ ಬರುವ ಹೊಸ ಫಸಲು ‘ಹಶಿರಿ’. ಕಾಲ ಮುಗಿಯುತ್ತ ಬಂದಾಗ ಸಿಗುವುದು ‘ನಗೋರಿ’. ಹಶಿರಿಗೆ ಬೆಲೆ ಹೆಚ್ಚು, ನಗೋರಿಯಲ್ಲಿ ನಾರು ಹೆಚ್ಚು. ಮನೆಯಡುಗೆ ನಿಂತಿರುವುದು ನಡುವಿನ ಶುನ್ ಮೇಲೆ. ಆಗಲೇ ಪದಾರ್ಥ ಅಗ್ಗ, ಆಗಲೇ ಅದಕ್ಕೆ ಮಸಾಲೆಯ ನೆರವು ಬೇಡ.

2013ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಜಪಾನೀ ಆಹಾರ ಪದ್ಧತಿಯನ್ನು, ಅಂದರೆ ‘ವಶೊಕು’ವನ್ನು, ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಮನ್ನಣೆ ದೊರೆತದ್ದು ಯಾವುದೋ ಹೋಟೆಲಿನ ತಿನಿಸಿಗಲ್ಲ. ಹೊಸ ವರ್ಷದ ಆಚರಣೆಯನ್ನು ಮುಖ್ಯವಾಗಿಟ್ಟುಕೊಂಡ ಮನೆ ಮತ್ತು ಊರುಗಳ ಆಹಾರ ಸಂಪ್ರದಾಯಕ್ಕೆ. ಇದನ್ನು ನೆನಪಿಡಬೇಕು. ಹೊರಗಿನವರಿಗೆ ಜಪಾನಿನ ಋತುಮಾನದ ಅಡುಗೆ ಪರಿಚಯವಾಗುವುದು ಬಹುಮಟ್ಟಿಗೆ ಕ್ಯೋತೊದ ಕೈಸೆಕಿ ಊಟದ ಚಿತ್ರಗಳಿಂದ: ಮೇಪಲ್ ಎಲೆಯ ಅಲಂಕಾರ, ಬೆರಳಗಲದ ತುತ್ತು, ಬಗೆಬಗೆಯ ತಟ್ಟೆ. ಮನೆಯಡುಗೆಯ ಸ್ವಭಾವ ಬೇರೆಯೇ. ಅಲ್ಲಿ ತಿಂಗಳಿಂದ ತಿಂಗಳಿಗೆ ಪದಾರ್ಥ ಬದಲಾಗುತ್ತದೆ, ವಿಧಾನ ಬದಲಾಗುವುದಿಲ್ಲ. ಅನ್ನ, ಹುದುಗಿಸಿದ ಸೋಯಾಕಾಳಿನ ‘ಮಿಸೊ’ ಸಾರು, ಒಂದು ಬೇಯಿಸಿದ್ದು, ಒಂದು ಸುಟ್ಟದ್ದು, ಒಂದಿಷ್ಟು ಉಪ್ಪಿನಲ್ಲಿ ಹಾಕಿದ್ದು. ಈ ಚೌಕಟ್ಟು ಅಲುಗದೆ ನಿಂತಿರುವುದರಿಂದಲೇ ಅದರೊಳಗೆ ಬಂದು ಹೋಗುವ ಕಳಲೆ, ಬದನೆ, ಮೂಲಂಗಿಗಳ ರುಚಿ ಎದ್ದು ಕಾಣುತ್ತದೆ.

ಕಾಲದ ಲೆಕ್ಕ

ಜಪಾನ್ ಹೊಕ್ಕೈದೊದಿಂದ ಒಕಿನಾವದವರೆಗೆ ಸುಮಾರು 3,000 ಕಿ.ಮೀ. ಉದ್ದಕ್ಕೆ ಚಾಚಿಕೊಂಡಿರುವ ದ್ವೀಪಮಾಲೆ. ಒಕಿನಾವದಲ್ಲಿ ಜನವರಿಯಲ್ಲೇ ಅರಳುವ ಚೆರ್ರಿ ಹೂ ಹೊಕ್ಕೈದೊ ಮುಟ್ಟುವಾಗ ಏಪ್ರಿಲ್ ಕೊನೆಯೋ ಮೇ ತಿಂಗಳೋ ಆಗಿರುತ್ತದೆ. ಕಳಲೆಯೂ ಹಾಗೆಯೇ: ಕ್ಯೂಶೂವಿನಲ್ಲಿ ಮಾರ್ಚ್‌ನಿಂದ ಸಿಕ್ಕರೆ ಈಶಾನ್ಯದ ತೊಹೊಕುವಿನಲ್ಲಿ ಮೇ ತನಕ ಕಾಯಬೇಕು. ಆದ್ದರಿಂದ ‘ಜಪಾನಿನ ವಸಂತದ ಅಡುಗೆ’ ಎಂಬುದಕ್ಕೆ ಇಡೀ ದೇಶಕ್ಕೆ ಸಲ್ಲುವ ಒಂದೇ ತಾರೀಖು ಇಲ್ಲ.

ಚೀನಾದಿಂದ ಬಂದ ಪಂಚಾಂಗ ವರ್ಷವನ್ನು 24 ಸೌರ ಘಟ್ಟಗಳಾಗಿ, ಅವನ್ನು ಮತ್ತೆ ಸುಮಾರು ಐದೈದು ದಿನಗಳ 72 ಕಿರು ಅವಧಿಗಳಾಗಿ ವಿಂಗಡಿಸುತ್ತದೆ. ಇದರ ಜೊತೆಗೆ ಐದು ಋತು ಹಬ್ಬಗಳಿವೆ: ಜನವರಿ 7ರಂದು ಏಳು ಸೊಪ್ಪಿನ ಗಂಜಿ, ಮಾರ್ಚ್ 3ರ ಬೊಂಬೆ ಹಬ್ಬಕ್ಕೆ ಬಣ್ಣಬಣ್ಣದ ಚಿರಾಶಿ ಸುಶಿ ಮತ್ತು ಚಿಪ್ಪುಮೀನಿನ ತಿಳಿಸಾರು, ಮೇ 5ಕ್ಕೆ ಓಕ್ ಎಲೆಯಲ್ಲಿ ಸುತ್ತಿದ ‘ಮೋಚಿ’ ಎಂಬ ಸಿಹಿ ಅಕ್ಕಿಮುದ್ದೆ, ಜುಲೈ 7ರ ತನಬತಕ್ಕೆ ಸೋಮೆನ್ ಶಾವಿಗೆ, ಸೆಪ್ಟೆಂಬರ್ 9ರ ಸೇವಂತಿಗೆ ಹಬ್ಬಕ್ಕೆ ಚೆಸ್ಟ್‌ನಟ್ ಅನ್ನ.

ಆದರೆ ಹಬ್ಬ ಮತ್ತು ಋತುವಿನ ನಂಟು 1873ರಲ್ಲಿ ಸಡಿಲವಾಯಿತು. ಮೇಜಿ ಸರ್ಕಾರ ಹಳೆಯ ಚಾಂದ್ರಮಾನ ಪಂಚಾಂಗವನ್ನು ಕೈಬಿಟ್ಟು ಮೇಜಿ 5ನೇ ವರ್ಷದ ಹನ್ನೆರಡನೇ ತಿಂಗಳ 3ನೇ ದಿನವನ್ನೇ 1873ರ ಜನವರಿ 1 ಎಂದು ಘೋಷಿಸಿತು. ಹಬ್ಬಗಳ ತಾರೀಖಿನ ಅಂಕಿ ಹಾಗೆಯೇ ಉಳಿಯಿತು, ಹಬ್ಬ ಮಾತ್ರ ಹಿಂದಿಗಿಂತ ಸುಮಾರು ಒಂದು ತಿಂಗಳು ಮುಂಚಿತವಾಗಿ ಬರತೊಡಗಿತು. ಏಳು ಸೊಪ್ಪುಗಳು ಹಿಮದ ಅಡಿಯಿಂದ ತಲೆಯೆತ್ತುವ ಹೊತ್ತಿಗೆ ಬರುತ್ತಿದ್ದ ಹಬ್ಬ ಈಗ ಗಟ್ಟಿ ಚಳಿಯ ನಡುವೆ ಬೀಳುತ್ತದೆ. ಅಂದು ಹೆಚ್ಚಿನವರು ಕೊಳ್ಳುವುದು ಹಸಿರುಮನೆಯಲ್ಲಿ ಬೆಳೆದು ಸಣ್ಣ ಪೊಟ್ಟಣ ಕಟ್ಟಿಟ್ಟ ಸೊಪ್ಪು. ಬೊಂಬೆ ಹಬ್ಬಕ್ಕೆ ಪೀಚ್ ಹಬ್ಬವೆಂಬ ಹೆಸರೂ ಉಂಟು, ಮಾರ್ಚ್ 3ಕ್ಕೆ ಬಹಳ ಕಡೆ ಪೀಚ್ ಹೂ ಬಿಟ್ಟಿರುವುದಿಲ್ಲ. ನಕ್ಷತ್ರ ನೋಡುವ ತನಬತ ಮಳೆಗಾಲದ ಮೋಡದಲ್ಲಿ ಸಿಕ್ಕಿಕೊಂಡಿದೆ. ಸೆಂದೈ ನಗರ ಅದನ್ನು ಒಂದು ತಿಂಗಳು ಮುಂದೂಡಿ ಆಗಸ್ಟ್‌ನಲ್ಲಿ ಆಚರಿಸುತ್ತದೆ. ಹೀಗಾಗಿ ಋತುವನ್ನು ಹಬ್ಬದ ಪಟ್ಟಿಗಿಂತ ನಂಬಲರ್ಹವಾಗಿ ತಿಳಿಸುವುದು ತರಕಾರಿ ಅಂಗಡಿಯೇ.

ಬದಲಾಗದ ಬುನಾದಿ

ಜಪಾನೀ ಅಡುಗೆಯ ಬುನಾದಿ ‘ದಾಶಿ’ ಎಂಬ ತಿಳಿನೀರು. ಕೊಂಬು ಎಂಬ ಒಣಗಿದ ಕಡಲ ಪಾಚಿ, ಮತ್ತು ಹೊಗೆಯಲ್ಲಿ ಒಣಗಿಸಿ ಕಟ್ಟಿಗೆಯಷ್ಟು ಗಟ್ಟಿಯಾದ ಬೊನಿಟೊ ಮೀನನ್ನು ತೆಳುವಾಗಿ ಹೆರೆದ ಕತ್ಸುವೊಬುಶಿ, ಇವೆರಡು ಇದರ ಮುಖ್ಯ ಮೂಲ. 1 ಲೀಟರ್ ನೀರಿಗೆ ಸುಮಾರು 10 ಗ್ರಾಂ ಕೊಂಬು ಹಾಕಿ ಅರ್ಧ ಗಂಟೆ ನೆನೆಯಬಿಟ್ಟು, ಆಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಬೇಕು. ಪಾತ್ರೆಯ ತಳದಿಂದ ಸಣ್ಣ ಗುಳ್ಳೆ ಏಳುತ್ತಿದ್ದಂತೆ, ಕುದಿ ಬರುವ ಮೊದಲೇ, ಕೊಂಬು ತೆಗೆಯಬೇಕು; ಕುದಿದರೆ ಲೋಳೆ ಬಿಟ್ಟು ವಾಸನೆ ಬರುತ್ತದೆ. ಒಂದು ಕುದಿ ಬಂದ ಕೂಡಲೇ ಒಲೆ ಆರಿಸಿ 20 ಗ್ರಾಂನಷ್ಟು ಮೀನಿನ ಹೆರಕಲು ಹರಡಿ, ಅದು ತಳಕ್ಕಿಳಿಯುವ ತನಕ ಒಂದೆರಡು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಹಿಂಡದೆ ಸೋಸಬೇಕು. ತಿಳಿಹೊನ್ನಿನ ಬಣ್ಣದ ಈ ನೀರು ಮೊದಲ ದಾಶಿ, ತಿಳಿಸಾರಿಗೆ. ಅದೇ ಕೊಂಬು ಮತ್ತು ಹೆರಕಲನ್ನು ಮತ್ತೆ ಕುದಿಸಿದರೆ ಎರಡನೇ ದಾಶಿ, ತರಕಾರಿ ಬೇಯಿಸಲಿಕ್ಕೆ. ಪಶ್ಚಿಮ ಜಪಾನಿನ ಮನೆಗಳಲ್ಲಿ ಮಿಸೊ ಸಾರಿಗೆ ಒಣ ಮೀನನ್ನು, ತಲೆ ಮತ್ತು ಹೊಟ್ಟೆಯ ಭಾಗ ಕಿತ್ತು, ನೆನೆಸಿ ಕುದಿಸುವುದೂ ಬಳಕೆಯಲ್ಲಿದೆ.

ತೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಇಕೆದ ಕಿಕುನಾಯೆ 1908ರಲ್ಲಿ ಕೊಂಬುವಿನ ರುಚಿಗೆ ಗ್ಲುಟಮೇಟ್ ಕಾರಣವೆಂದು ಕಂಡುಹಿಡಿದು ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. 1913ರಲ್ಲಿ ಅವರ ಶಿಷ್ಯ ಕೊದಮ ಶಿಂತಾರೊ ಒಣ ಬೊನಿಟೊದಲ್ಲಿ ಇನೊಸಿನೇಟ್ ಗುರುತಿಸಿದರು. ಒಣ ಶಿತಾಕೆ ಅಣಬೆಯಲ್ಲಿರುವ ಗ್ವಾನಿಲೇಟನ್ನು 1950ರ ದಶಕದಲ್ಲಿ ಕುನಿನಾಕ ಅಕಿರ ಪತ್ತೆಮಾಡಿದರು. ಗ್ಲುಟಮೇಟ್ ಇವುಗಳಲ್ಲಿ ಒಂದರೊಡನೆ ಸೇರಿದಾಗ ರುಚಿ ಎರಡರ ಮೊತ್ತವನ್ನೂ ಮೀರಿ ಏರುತ್ತದೆ. ಮನೆಯವರು ಶತಮಾನಗಳಿಂದ ಕೊಂಬು ಮತ್ತು ಬೊನಿಟೊವನ್ನು ಜೋಡಿಯಾಗಿ ಬಳಸುತ್ತ ಬಂದದ್ದರ ಹಿಂದಿನ ಕಾರಣ ಹೀಗೆ ತಿಳಿಯಿತು. ಇಂದು ವಾರದ ದಿನಗಳಲ್ಲಿ ಹರಳು ದಾಶಿ ಬಳಸುವ ಮನೆಗಳೇ ಬಹಳ. ಅದರಲ್ಲಿ ತಪ್ಪೇನಿಲ್ಲ. ಆದರೆ ವಸಂತದ ತಿಳಿಸಾರಿನಂಥ ಅಡುಗೆಯಲ್ಲಿ ವ್ಯತ್ಯಾಸ ನಾಲಿಗೆಗೆ ಕೂಡಲೇ ಗೊತ್ತಾಗುತ್ತದೆ.

ಶಾಕಾಹಾರಿಗಳು ಇಲ್ಲಿ ಎಚ್ಚರವಹಿಸಬೇಕು. ತಟ್ಟೆಯಲ್ಲಿ ಬರೀ ಸೊಪ್ಪು ಮತ್ತು ತೋಫು ಇದ್ದರೂ ಅದು ಬೆಂದದ್ದು ಸಾಮಾನ್ಯವಾಗಿ ಮೀನಿನ ದಾಶಿಯಲ್ಲಿ. ಜಪಾನಿನಲ್ಲಿ ನೆಲೆಸಿರುವ ಶಾಕಾಹಾರಿ ಕನ್ನಡಿಗರು ಮೊದಲು ವಿಚಾರಿಸಬೇಕಾದದ್ದು ಇದನ್ನೇ. ಇದಕ್ಕೆ ದಾರಿಯೂ ಆ ನೆಲದಲ್ಲೇ ಇದೆ: ಬೌದ್ಧ ಮಠಗಳ ‘ಶೋಜಿನ್’ ಅಡುಗೆಯಲ್ಲಿ ಕೊಂಬು ಮತ್ತು ಒಣ ಶಿತಾಕೆಯನ್ನು ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ ದಾಶಿ ತೆಗೆಯುತ್ತಾರೆ. ಸೋತೊ ಝೆನ್ ಪಂಥದ ದೋಗೆನ್ 1237ರಲ್ಲಿ ಮಠದ ಅಡುಗೆಯವನ ಕರ್ತವ್ಯಗಳನ್ನು ಕುರಿತೇ ಒಂದು ಗ್ರಂಥ ಬರೆದರು. ಆ ಸಂಪ್ರದಾಯದ ದಾಶಿ ಮನೆಯಲ್ಲೂ ಸಲೀಸಾಗಿ ಆಗುತ್ತದೆ.

ದಾಶಿಯ ಮೇಲೆ ಕಟ್ಟುವ ವಿಧಾನಗಳು ಬೆರಳೆಣಿಕೆಯವು. ಬೇಯಿಸಿ ಹಿಂಡಿದ ಸೊಪ್ಪನ್ನು ದಾಶಿ–ಸೋಯಾ ರಸದಲ್ಲಿ ನೆನೆಸುವುದು; ಹುರಿದು ಅರೆದ ಎಳ್ಳಿನಲ್ಲಿ ಕಲಸುವುದು; ಸಣ್ಣ ಉರಿಯಲ್ಲಿ ಕುದಿಸಿ ರಸ ಹೀರಿಸುವುದು; ಉಪ್ಪು ಸವರಿ ಸುಡುವುದು; ತೆಳು ಹಿಟ್ಟಿನಲ್ಲಿ ಅದ್ದಿ ಕರಿಯುವುದು. ವ್ಯಂಜನ ಹಾಕುವ ಅನುಕ್ರಮವೂ ಗೊತ್ತಾದದ್ದೇ: ಸಕ್ಕರೆ, ಉಪ್ಪು, ವಿನಿಗರ್, ಸೋಯಾ, ಕೊನೆಗೆ ಮಿಸೊ. ಉಪ್ಪಿಗಿಂತ ಮೊದಲು ಸಕ್ಕರೆ ಬಿದ್ದರೆ ಮಾತ್ರ ಸಿಹಿ ಒಳಗಿಳಿಯುತ್ತದೆ. ಸೋಯಾ ಮತ್ತು ಮಿಸೊ ಹೆಚ್ಚು ಕುದಿದರೆ ಪರಿಮಳ ಹಾರಿಹೋಗುತ್ತದೆ, ಅದಕ್ಕೇ ಅವು ಕೊನೆಗೆ.

ಅಡುಗೆ ಶಿಕ್ಷಕ ದೊಯ್ ಯೊಶಿಹಾರು 2016ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಒಂದು ಸಾರಿಗೆ ಮೂರು ಪಲ್ಯ ಎಂಬ ಹಳೆಯ ಆದರ್ಶವನ್ನು ದಿನವೂ ಸಾಧಿಸಬೇಕೆಂದು ಮನೆಯವರು ಬಳಲುವುದು ಬೇಡ, ಅನ್ನದೊಂದಿಗೆ ತರಕಾರಿ ತುಂಬಿದ ಒಂದು ಮಿಸೊ ಸಾರು ಮತ್ತು ಉಪ್ಪಿನಕಾಯಿ ಸಾಕು ಎಂದರು. ಪುಸ್ತಕ ಅಪಾರ ಜನಪ್ರಿಯವಾಯಿತು. ಋತುಮಾನದ ಅಡುಗೆಯ ಬಗ್ಗೆ ಇತ್ತೀಚೆಗೆ ಬಂದ ಅತ್ಯಂತ ವಿವೇಕದ ಮಾತು ಇದೇ ಇರಬೇಕು. ಸಾರಿನ ಬಟ್ಟಲೊಂದರಲ್ಲೇ ಏಪ್ರಿಲ್‌ನ ಬಟಾಣಿ, ಜುಲೈನ ಬದನೆ, ಅಕ್ಟೋಬರ್‌ನ ಅಣಬೆ, ಜನವರಿಯ ಮೂಲಂಗಿ ಎಲ್ಲಕ್ಕೂ ಜಾಗವಿದೆ.

ವಸಂತ

ವಸಂತದ ರುಚಿ ಎಂದರೆ ಕಹಿ. ಹಿಮ ಕರಗುತ್ತಿದ್ದಂತೆ ಮೊದಲು ಕಾಣುವ ಫುಕಿನೊತೊ ಮೊಗ್ಗು, ತರಾ ಮರದ ಚಿಗುರು, ಸುರುಳಿ ಬಿಚ್ಚದ ಜರೀಗಿಡ, ಹೂ ಬಿಡುವ ಮುಂಚಿನ ಸಾಸಿವೆ ಜಾತಿಯ ನನೊಹನ ಎಲ್ಲವೂ ಕಹಿಯೇ. ಕಾಡುಚಿಗುರುಗಳನ್ನು ಟೆಂಪುರಾ ಮಾಡುವುದು ವಾಡಿಕೆ, ಎಣ್ಣೆಯಲ್ಲಿ ಕಹಿ ಮೆತ್ತಗಾಗುತ್ತದೆ. ವರಬಿ ಎಂಬ ಜರೀಗಿಡದಲ್ಲಿ ವಿಷಾಂಶವಿದೆ, ಹಸಿಯಾಗಿ ತಿನ್ನುವಂತಿಲ್ಲ. ಬೂದಿ ಇಲ್ಲವೇ ಅಡುಗೆ ಸೋಡಾ ಉದುರಿಸಿ, ಕುದಿನೀರು ಸುರಿದು ರಾತ್ರಿಯಿಡೀ ಬಿಟ್ಟು, ಮಾರನೆಯ ದಿನ ಚೆನ್ನಾಗಿ ತೊಳೆದೇ ಬಳಸಬೇಕು.

ಈ ಋತುವಿನ ರಾಜ ಕಳಲೆ, ಅಲ್ಲಿನ ‘ತಕೆನೊಕೊ’. ಮಲೆನಾಡು, ಕೊಡಗು, ತುಳುನಾಡುಗಳಲ್ಲಿ ಮುಂಗಾರಿನ ಕಳಲೆಯನ್ನು ಹೆಚ್ಚಿ ದಿನಗಟ್ಟಲೆ ನೀರು ಬದಲಿಸುತ್ತ ನೆನೆಸಿ ವಿಷ ತೆಗೆಯುವವರಿಗೆ ಜಪಾನಿನ ಕ್ರಮ ಆಸಕ್ತಿ ಹುಟ್ಟಿಸೀತು. ಅಲ್ಲಿ ಮುಖ್ಯವಾಗಿ ತಿನ್ನುವುದು ಮೋಸೊ ಎಂಬ ದಪ್ಪ ಬಿದಿರಿನ ಕಳಲೆ, ಅದೂ ತುದಿ ನೆಲದಿಂದ ಹೊರಬಂದು ಬೆಳಕು ಕಾಣುವ ಮೊದಲೇ ಅಗೆದದ್ದು. ಅಗೆದ ಗಳಿಗೆಯಿಂದಲೇ ಒಗರು ಏರುವುದರಿಂದ, ಒಲೆಯ ಮೇಲೆ ನೀರಿಟ್ಟು ಆಮೇಲೆ ಅಗೆಯಲು ಹೋಗು ಎಂಬ ಮಾತು ಹಳ್ಳಿಗಳಲ್ಲಿದೆ. ತುದಿಯನ್ನು ಓರೆಯಾಗಿ ಕತ್ತರಿಸಿ, ಸಿಪ್ಪೆಗೆ ಉದ್ದಕ್ಕೆ ಒಂದು ಸೀಳು ಹಾಕಿ, ಸಿಪ್ಪೆ ಸಮೇತ ದೊಡ್ಡ ಪಾತ್ರೆಯಲ್ಲಿಟ್ಟು, ಒಂದು ಹಿಡಿ ಅಕ್ಕಿ ತೌಡು ಮತ್ತು ಒಂದೆರಡು ಒಣಮೆಣಸಿನಕಾಯಿ ಹಾಕಿ, ಬುಡಕ್ಕೆ ಕಡ್ಡಿ ಸಲೀಸಾಗಿ ಇಳಿಯುವ ತನಕ ಒಂದು ಗಂಟೆಯೋ ಹೆಚ್ಚೋ ಬೇಯಿಸುತ್ತಾರೆ. ಬೆಂದ ಮೇಲೆ ತೆಗೆಯುವಂತಿಲ್ಲ. ಅದೇ ನೀರಲ್ಲಿ ಪೂರ್ತಿ ಆರಬೇಕು. ಸಂಜೆ ಬೇಯಿಸಿಟ್ಟರೆ ಬೆಳಿಗ್ಗೆ ಸಿಪ್ಪೆ ಬಿಡಿಸುವುದು ಸಾಮಾನ್ಯ ರೂಢಿ. ಒಂದೊಂದು ಪದರ ಕಳಚುತ್ತ ಹೋದಂತೆ ದಂತದ ಬಣ್ಣದ ತಿರುಳು ಹೊರಬರುತ್ತದೆ. ಕೊನೆಯ ಮೆತ್ತನೆ ಪದರವೂ ಸಾರಿಗೆ, ನಡುಭಾಗ ದಾಶಿಯಲ್ಲಿ ಬೇಯಿಸಲಿಕ್ಕೆ, ನಾರುಳ್ಳ ಬುಡವನ್ನು ತೆಳುವಾಗಿ ಹೆಚ್ಚಿ ಅನ್ನಕ್ಕೆ. ಬೇಯಿಸಿದ ಕಳಲೆಯನ್ನು ನೀರಲ್ಲಿ ಮುಳುಗಿಸಿ, ದಿನವೂ ನೀರು ಬದಲಿಸಿದರೆ ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು.

ಕಳಲೆ ಅನ್ನಕ್ಕೆ 2 ಗೋ, ಅಂದರೆ 360 ಮಿ.ಲೀ. ಅಳತೆಯ ಅಕ್ಕಿ, ಸುಮಾರು 150 ಗ್ರಾಂ ಕಳಲೆ, ಕರಿದ ತೆಳು ತೋಫುವಿನ ಎಳೆಗಳು, ತಿಳಿ ಬಣ್ಣದ ಸೋಯಾ, ಒಂದಿಷ್ಟು ಸಾಕೆ ಮದ್ಯ, ಉಳಿದದ್ದು ದಾಶಿ. ಎಲ್ಲವನ್ನೂ ಒಟ್ಟಿಗೆ ಬೇಯಿಸಿ, ಬಡಿಸುವಾಗ ಸಾನ್‌ಶೊ ಗಿಡದ ಎಳೆ ಎಲೆಯನ್ನು ಅಂಗೈ ನಡುವೆ ಒಮ್ಮೆ ತಟ್ಟಿ ಮೇಲಿಡುತ್ತಾರೆ. ತಟ್ಟಿದಾಗ ಪರಿಮಳ ಬಿಡುತ್ತದೆ. ಇದೇ ಕಾಲಕ್ಕೆ ಸಮುದ್ರದಿಂದ ಹಸಿ ವಕಾಮೆ ಪಾಚಿ ಬರುತ್ತದೆ. ಕಂದು ಬಣ್ಣದ ಆ ಎಲೆ ಬಿಸಿನೀರು ತಾಕಿದ ಕ್ಷಣ ಗಿಳಿಹಸಿರಾಗುವುದನ್ನು ನೋಡುವುದೇ ಚೆಂದ. ಕಳಲೆ ಮತ್ತು ವಕಾಮೆಯನ್ನು ಒಂದೇ ದಾಶಿಯಲ್ಲಿ ಬೇಯಿಸಿದರೆ ‘ವಕತಕೆ’. ಬೆಟ್ಟದ್ದೂ ಕಡಲಿನದ್ದೂ ಒಂದೇ ವಾರದಲ್ಲಿ ಹದಕ್ಕೆ ಬರುವುದರಿಂದ ಹುಟ್ಟಿದ ಜೋಡಿ ಇದು.

ಮಳೆಗಾಲ ಮತ್ತು ಬೇಸಗೆ

ಜೂನ್‌ನ ಮಳೆಗಾಲಕ್ಕೆ ಉಮೆ ಹಣ್ಣಿನದೇ ಹೆಸರು. ಪ್ಲಮ್ ಎಂದು ಕರೆದರೂ ಇದು ಏಪ್ರಿಕಾಟ್‌ಗೆ ಹತ್ತಿರದ್ದು. ಹಸಿರು ಕಾಯಿಯನ್ನು ಹಸಿಯಾಗಿ ತಿನ್ನುವುದಿಲ್ಲ, ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ. ಅದನ್ನು ಕಲ್ಲುಸಕ್ಕರೆಯೊಂದಿಗೆ ಮದ್ಯದಲ್ಲಿ ಹಾಕಿಟ್ಟರೆ ಉಮೆಶು. ಮನೆಯಲ್ಲಿ ಮದ್ಯ ಹುದುಗಿಸುವುದು ಜಪಾನಿನಲ್ಲಿ ಕಾನೂನುಬಾಹಿರ, ಆದರೆ ಶೇ. 20ಕ್ಕಿಂತ ಕಡಿಮೆಯಿಲ್ಲದ ಮದ್ಯದಲ್ಲಿ ಉಮೆಯಂಥ ಹಣ್ಣನ್ನು ಸ್ವಂತ ಬಳಕೆಗೆ ನೆನೆಸಿಡಲು ವಿನಾಯಿತಿ ಇದೆ.

ಹಳದಿಗೆ ತಿರುಗಿದ ಹಣ್ಣು ‘ಉಮೆಬೊಶಿ’ಗೆ. ತೊಟ್ಟಿನ ಚೂರನ್ನು ಬಿದಿರು ಕಡ್ಡಿಯಿಂದ ಎಬ್ಬಿಸಿ ತೆಗೆದು, ಒಂದೊಂದೇ ಹಣ್ಣನ್ನು ಒರೆಸಿ, 1 ಕಿಲೊಗೆ 180ರಿಂದ 200 ಗ್ರಾಂ ಉಪ್ಪಿನ ಲೆಕ್ಕದಲ್ಲಿ ಜಾಡಿಯಲ್ಲಿ ಪದರ ಪದರವಾಗಿ ಹಾಕಿ ಮೇಲೆ ಭಾರ ಹೇರುತ್ತಾರೆ. ಕೆಲವೇ ದಿನಗಳಲ್ಲಿ ಹುಳಿನೀರು ಮೇಲೇರಿ ಹಣ್ಣು ಮುಳುಗಬೇಕು. ಮುಳುಗದೆ ಉಳಿದ ಹಣ್ಣಿಗೆ ಬೂಷ್ಟು ಹಿಡಿಯುತ್ತದೆ. ಆಮೇಲೆ ಕೆಂಪು ಶಿಸೊ ಎಲೆಯನ್ನು ಉಪ್ಪು ಹಾಕಿ ಉಜ್ಜಿ, ಮೊದಲು ಬರುವ ಕಪ್ಪು ನೊರೆನೀರು ಹಿಂಡಿ ಚೆಲ್ಲಿ, ಎಲೆಯನ್ನು ಜಾಡಿಗೆ ಸೇರಿಸುತ್ತಾರೆ. ಆ ಕಪ್ಪು ಎಲೆ ಹುಳಿನೀರು ತಾಕುತ್ತಲೇ ಕಡುಗೆಂಪಾಗುತ್ತದೆ. ಮಳೆಗಾಲ ಮುಗಿದು ಜುಲೈ ಕೊನೆಯ ಬಿಸಿಲು ಬಲಿತ ಮೇಲೆ ಹಣ್ಣುಗಳನ್ನು ಬಿದಿರು ತಟ್ಟೆಗಳಲ್ಲಿ ಹರಡಿ, ಮಗುಚಿ ಹಾಕುತ್ತ ಮೂರು ದಿನ ಒಣಗಿಸುತ್ತಾರೆ. ಹೀಗೆ ಮಾಡಿದ್ದು ವರ್ಷಗಟ್ಟಲೆ ಕೆಡುವುದಿಲ್ಲ. ಈಗ ಅಂಗಡಿಯಲ್ಲಿ ಸಿಗುವ ಜೇನು ಬೆರೆತ, ಉಪ್ಪು ಕಡಿಮೆಯ ಉಮೆಬೊಶಿಗೆ ಆ ಬಾಳಿಕೆ ಇಲ್ಲ, ಫ್ರಿಜ್ ಬೇಕೇ ಬೇಕು.

ಬೇಸಗೆಯ ಅಡುಗೆ ಒಲೆಯಿಂದ ದೂರ ಓಡುವ ಅಡುಗೆ. ಸೋಮೆನ್ ಶಾವಿಗೆಯನ್ನು ಬೇಯಿಸಿ, ತಣ್ಣೀರಲ್ಲಿ ಉಜ್ಜಿ ತೊಳೆದು, ಐಸ್ ಹಾಕಿ, ತಣ್ಣನೆಯ ದಾಶಿ–ಸೋಯಾ ರಸದಲ್ಲಿ ಅದ್ದಿ ತಿನ್ನುತ್ತಾರೆ. ಸೌತೆಯನ್ನು ತೆಳುವಾಗಿ ಹೆಚ್ಚಿ ಉಪ್ಪು ಸವರಿ ಹಿಂಡಿ ವಿನಿಗರ್‌ನಲ್ಲಿ ಕಲಸುತ್ತಾರೆ. ಬದನೆಯನ್ನು ಸುಟ್ಟು ಸಿಪ್ಪೆ ತೆಗೆದು ಶುಂಠಿ ತುರಿ ಹಾಕುತ್ತಾರೆ, ಇಲ್ಲವೇ ಸಿಹಿ ಮಿಸೊ ಸವರಿ ಮತ್ತೆ ಕಾಯಿಸುತ್ತಾರೆ. ತೌಡು, ಉಪ್ಪು, ನೀರು ಕಲಸಿ ಹುಳಿ ಬರಿಸಿದ ‘ನುಕ’ ಹಾಸಿನಲ್ಲಿ ಬೆಳಿಗ್ಗೆ ಹೂತಿಟ್ಟ ಸೌತೆ ಸಂಜೆಗೆ ಉಪ್ಪಿನಕಾಯಿ. ಆ ಹಾಸನ್ನು ದಿನವೂ ಕೈಯಿಂದ ತಿರುವಿ ಗಾಳಿಯಾಡಿಸಬೇಕು, ಬೇಸಗೆಯಲ್ಲಿ ಒಂದು ದಿನ ಮರೆತರೂ ವಾಸನೆ ಕೆಡುತ್ತದೆ. ಒಕಿನಾವದಲ್ಲಿ ಹಾಗಲಕಾಯಿಗೆ ಉಪ್ಪು ಸವರಿ, ತೋಫು, ಮೊಟ್ಟೆ, ಹಂದಿಮಾಂಸದೊಂದಿಗೆ ಬಾಡಿಸುವ ಗೋಯ ಚಂಪುರು ಈಗ ಮುಖ್ಯ ದ್ವೀಪಗಳ ಮನೆಗಳಿಗೂ ಬಂದಿದೆ.

ಬೇಸಗೆಯ ಗೊತ್ತಾದ ದಿನದಂದು ಹಾವುಮೀನು ‘ಉನಗಿ’ ತಿನ್ನುವ ಪದ್ಧತಿಗೆ ಎದೊ ಕಾಲದ ವಿದ್ವಾಂಸ ಹಿರಗ ಗೆನ್ನೈ ಕಾರಣ ಎಂಬ ಪ್ರತೀತಿ ಇದೆ. ಬೇಸಗೆಯಲ್ಲಿ ಮಾರಾಟವಿಲ್ಲದ ಅಂಗಡಿಯೊಂದಕ್ಕೆ ಅವರು ಫಲಕ ಬರೆದುಕೊಟ್ಟರಂತೆ. ಸಹಜವಾಗಿ ಬೆಳೆದ ಉನಗಿಗೆ ಕೊಬ್ಬು ತುಂಬುವುದು ಶರತ್ಕಾಲದ ಮೇಲೆಯೇ. ಅಂದರೆ ಋತುವಿನ ಹೆಸರಲ್ಲಿ ನಡೆಯುವುದೆಲ್ಲ ಶುನ್ ಅಲ್ಲ, ಕೆಲವು ವ್ಯಾಪಾರದ ಪಂಚಾಂಗದವು. 2014ರಲ್ಲಿ ಜಪಾನೀ ಉನಗಿ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿತು.

ಶರತ್ಕಾಲ

ಹೊಸ ಅಕ್ಕಿ ಬರುವ ಕಾಲ. ಕೊಯ್ದ ವರ್ಷದ ಡಿಸೆಂಬರ್ 31ರೊಳಗೆ ಪೊಟ್ಟಣಕ್ಕೆ ಬಿದ್ದದ್ದಕ್ಕೆ ಮಾತ್ರ ‘ಶಿನ್‌ಮೈ’ ಎಂಬ ಚೀಟಿ ಹಚ್ಚಬಹುದು. ತೇವ ಹೆಚ್ಚಿರುವುದರಿಂದ ಇದಕ್ಕೆ ನೀರು ಕೊಂಚ ಕಡಿಮೆ ಸಾಕು. ಮೊದಲ ದಿನಗಳಲ್ಲಿ ಅದನ್ನು ಏನೂ ಬೆರೆಸದೆ ಉಂಡು, ಆಮೇಲೆ ಚೆಸ್ಟ್‌ನಟ್, ಸಿಹಿಗೆಣಸು, ಅಣಬೆ ಸೇರಿಸಿ ಅನ್ನ ಮಾಡುತ್ತಾರೆ. ಮತ್ಸುತಾಕೆ ಅಣಬೆಯ ಬೆಲೆ ಹೆಚ್ಚಿನ ಮನೆಗಳ ಅಳವಿಗೆ ಮೀರಿದ್ದು. ಮನೆಯವರ ಅಣಬೆ ಶಿಮೆಜಿ, ಮೈತಾಕೆ, ಶಿತಾಕೆ. ಚೆಸ್ಟ್‌ನಟ್‌ನ ಗಟ್ಟಿ ಸಿಪ್ಪೆಯನ್ನೂ ಒಳಗಿನ ಒಗರು ಪೊರೆಯನ್ನೂ ಚಾಕುವಿನಿಂದ ಕೆತ್ತಲು ಇಡೀ ಮಧ್ಯಾಹ್ನ ಬೇಕು, ಆದ್ದರಿಂದ ಚೆಸ್ಟ್‌ನಟ್ ಅನ್ನ ಯಾರಾದರೂ ನಮಗಾಗಿ ಮಾಡಿದರೆ ಅದು ಸಣ್ಣ ಅಕ್ಕರೆಯಲ್ಲ.

ಶರತ್ಕಾಲದ ಮೀನು ‘ಸನ್‌ಮ’. ಕತ್ತಿಯಂತೆ ಉದ್ದವಾದ ಈ ಮೀನು ಹೊಕ್ಕೈದೊ ಕಡೆಯಿಂದ ದಕ್ಷಿಣಕ್ಕೆ ವಲಸೆ ಬರುವಾಗ ಮೈತುಂಬ ಕೊಬ್ಬಿರುತ್ತದೆ. ಉಪ್ಪು ಉದುರಿಸಿ ಅರ್ಧ ತಾಸಿನೊಳಗೆ ಒಸರಿದ ನೀರನ್ನು ಒರೆಸಿ, ಹೊಟ್ಟೆ ಕೀಳದೆ, ಹೆಚ್ಚು ಉರಿಯಲ್ಲಿ ಸುಟ್ಟು, ತುರಿದ ಮೂಲಂಗಿ ಮತ್ತು ಸುದಾಚಿ ನಿಂಬೆಯೊಂದಿಗೆ ಬಡಿಸುತ್ತಾರೆ. ಹಿಂದೆ ಇದು ಬಡವರ ಮೀನು. 2008ರಲ್ಲಿ 3 ಲಕ್ಷ ಟನ್ ದಾಟಿದ್ದ ಜಪಾನ್ ಹಿಡಿಯುವ ಸನ್‌ಮದ ಪ್ರಮಾಣ 2021ರ ಹೊತ್ತಿಗೆ 20 ಸಾವಿರ ಟನ್‌ಗಿಂತ ಕೆಳಗಿಳಿಯಿತು. ಸಮುದ್ರದ ನೀರು ಬಿಸಿಯಾಗಿ ಮೀನಿನ ದಾರಿ ಕರಾವಳಿಯಿಂದ ದೂರ ಸರಿದದ್ದು ಒಂದು ಕಾರಣ. ಬೀದಿ ಬೀದಿಯಲ್ಲಿ ಸನ್‌ಮ ಹೊಗೆ ಹಬ್ಬುತ್ತಿದ್ದ ಸೆಪ್ಟೆಂಬರ್‌ಗಳನ್ನು ಕಂಡವರಿಗೆ ಇದು ಬರಿಯ ಅಂಕಿಯಲ್ಲ.

ಚಳಿಗಾಲ ಮತ್ತು ಹೊಸ ವರ್ಷ

ಚಳಿಗಾಲದ ತರಕಾರಿ ಮೂಲಂಗಿ, ಚೀನಾ ಕೋಸು, ಉದ್ದ ದಂಟಿನ ಈರುಳ್ಳಿ. ಚಳಿಗೆ ಇವುಗಳಲ್ಲಿ ಸಕ್ಕರೆಯಂಶ ಏರುತ್ತದೆ. ‘ದೈಕೊನ್’ ಮೂಲಂಗಿಯ ಎಲೆಯ ಕಡೆಯ ಭಾಗ ಸಿಹಿ, ಹಸಿ ತಿನ್ನಲು, ನಡುಭಾಗ ಬೇಯಿಸಲು, ತುದಿ ಖಾರ, ಸಾರಿಗೆ ಅಥವಾ ಉಪ್ಪಿನಕಾಯಿಗೆ. ಫುರೊಫುಕಿ ಎಂಬ ಅಡುಗೆಗೆ ಅದನ್ನು 3 ಸೆಂ.ಮೀ. ದಪ್ಪದ ಬಿಲ್ಲೆಗಳಾಗಿ ಹೆಚ್ಚಿ, ಸಿಪ್ಪೆಯನ್ನು ಒಳಗಿನ ನಾರಿನ ಉಂಗುರದವರೆಗೂ ದಪ್ಪವಾಗಿ ತೆಗೆದು, ಬೇಯುವಾಗ ಒಡೆಯದಿರಲೆಂದು ಅಂಚು ಹೆರೆದು, ಅಡಿಭಾಗಕ್ಕೆ ಕಾಣದಂತೆ ಅಡ್ಡ–ಉದ್ದ ಗೀರು ಹಾಕುತ್ತಾರೆ. ಮೊದಲ ಬೇಯಿಸುವಿಕೆ ಅಕ್ಕಚ್ಚಿನಲ್ಲಿ. ಅದರಿಂದ ಘಾಟು ಹೋಗಿ ಬಣ್ಣ ಬಿಳುಪಾಗುತ್ತದೆ. ತೊಳೆದು, ಕೊಂಬು ಹಾಸಿದ ಪಾತ್ರೆಯಲ್ಲಿ ಮತ್ತೆ ನಿಧಾನವಾಗಿ ಬೇಯಿಸಿ, ಯುಜು ನಿಂಬೆಯ ಸಿಪ್ಪೆ ಬೆರೆಸಿದ ಮಿಸೊ ಮೇಲೆ ಹಾಕುತ್ತಾರೆ. ಒಂದು ಮೂಲಂಗಿ, ಒಂದು ಪಾಚಿ, ಒಂದು ಚಮಚ ಮಿಸೊ, ಅಷ್ಟೇ. ಜಪಾನೀ ಮನೆಯಡುಗೆಯನ್ನು ಒಂದೇ ತಿನಿಸಿನಿಂದ ಅರಿಯಬೇಕೆಂದರೆ ಇದನ್ನೇ ಆರಿಸಿಕೊಳ್ಳಬೇಕು. ಇದೇ ಮೂಲಂಗಿಯನ್ನು ತೊಯಾಮ ಕೊಲ್ಲಿಯ ಕೊಬ್ಬಿದ ಬುರಿ ಮೀನಿನ ತುಂಡುಗಳೊಂದಿಗೆ ಬೇಯಿಸಿದರೆ ಬುರಿ ದೈಕೊನ್.

ರಾತ್ರಿಯೂಟಕ್ಕೆ ಮೇಜಿನ ಮೇಲೆಯೇ ಒಲೆಯಿಟ್ಟು, ಮಣ್ಣಿನ ಪಾತ್ರೆಯಲ್ಲಿ ಕುದಿಯುವ ‘ನಬೆ’ಯನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ಹಕಾತದಲ್ಲಿ ಕೋಳಿಯದ್ದು, ಕ್ಯೋತೊದಲ್ಲಿ ತೋಫುವಿನದ್ದು, ಹೊಕ್ಕೈದೊದಲ್ಲಿ ಸಾಲ್ಮನ್ ಮತ್ತು ಮಿಸೊ, ಅಕಿತದಲ್ಲಿ ಕಡ್ಡಿಗೆ ಸುತ್ತಿ ಸುಟ್ಟ ಅನ್ನದ್ದು. ಉಳಿದ ರಸಕ್ಕೆ ಅನ್ನ ಹಾಕಿ ಮೊಟ್ಟೆ ಕದಡಿ ಗಂಜಿ ಮಾಡುವ ತನಕ ಊಟ ಮುಗಿಯುವುದಿಲ್ಲ. ಡಿಸೆಂಬರ್‌ನ ಅತಿ ಗಿಡ್ಡ ಹಗಲಿನ ದಿನ, ಬೇಸಗೆಯಲ್ಲಿ ಬೆಳೆದು ಕಾಪಿಟ್ಟ ಸಿಹಿಗುಂಬಳ ಬೇಯಿಸುತ್ತಾರೆ. ಡಿಸೆಂಬರ್ 31ರ ರಾತ್ರಿ ಸೋಬಾ ಶಾವಿಗೆ.

ಹೊಸ ವರ್ಷದ ‘ಓಸೆಚಿ’ ಪೆಟ್ಟಿಗೆಯಲ್ಲಿ ಸಿಹಿ ಕಪ್ಪು ಸೋಯಾಕಾಳು, ಹೆರಿಂಗ್ ಮೀನಿನ ತತ್ತಿ, ಒಣ ಸಣ್ಣ ಮೀನು, ಭವಿಷ್ಯ ಕಾಣಲೆಂದು ತೂತುಗಳುಳ್ಳ ತಾವರೆ ಗೆಡ್ಡೆ, ಸಿಹಿಗೆಣಸಿನ ಹೂರಣದಲ್ಲಿ ಅದ್ದಿದ ಚೆಸ್ಟ್‌ನಟ್ ಇರುತ್ತವೆ. ಮೂರು ದಿನ ಒಲೆಗೆ ಬಿಡುವು ಸಿಗಲೆಂದು ಎಲ್ಲವೂ ಸಕ್ಕರೆ, ಉಪ್ಪು, ವಿನಿಗರ್‌ನಲ್ಲಿ ಕೆಡದಂತೆ ಮಾಡಿದವು. ಕಪ್ಪು ಕಾಳು ಸುಕ್ಕಾಗದೆ ಹೊಳೆಯುವಂತೆ ಬೇಯಿಸುವುದು ಕಷ್ಟದ ಕೆಲಸ. ಮೇಲೆ ಹೇಳಿದ ಅಡುಗೆ ಶಿಕ್ಷಕ ಯೊಶಿಹಾರು ಅವರ ತಂದೆ ದೊಯ್ ಮಸಾರು ಒಂದು ಹೊಸ ಕ್ರಮ ಕಲಿಸಿದರು: ಕಾಳನ್ನು ಮೊದಲೇ ಬಿಸಿ ಸಕ್ಕರೆ–ಸೋಯಾ ಪಾಕದಲ್ಲಿ ನೆನೆಸಿ, ಕಪ್ಪು ಬಣ್ಣ ನಿಲ್ಲಲು ತುಕ್ಕು ಹಿಡಿದ ಮೊಳೆಗಳನ್ನು ಬಟ್ಟೆಯಲ್ಲಿ ಕಟ್ಟಿ ಹಾಕಿ, ಅತಿ ಸಣ್ಣ ಉರಿಯಲ್ಲಿ ಹಲವು ಗಂಟೆ ಬೇಯಿಸುವುದು. ಸಾವಿರಾರು ಮನೆಗಳ ಕಾಳು ಇಂದಿಗೂ ಹಾಗೆಯೇ ಬೇಯುತ್ತದೆ.

ಮೋಚಿ ಹಾಕಿದ ‘ಓಝೋನಿ’ ಸಾರು ಊರೂರಿಗೆ ಬೇರೆ. ತೋಕಿಯೊ ಕಡೆ ಚೌಕ ಮೋಚಿಯನ್ನು ಸುಟ್ಟು ತಿಳಿಸಾರಿಗೆ ಹಾಕುತ್ತಾರೆ. ಕ್ಯೋತೊದಲ್ಲಿ ದುಂಡು ಮೋಚಿ, ಬಿಳಿ ಮಿಸೊ. ಕಗಾವದಲ್ಲಿ ಬಿಳಿ ಮಿಸೊ ಸಾರಿನೊಳಗೆ ಸಿಹಿ ಹೂರಣ ತುಂಬಿದ ಮೋಚಿ. ಪೂರ್ವದಲ್ಲಿ ಹೊಸ ವರ್ಷದ ಮೀನು ಉಪ್ಪು ಸಾಲ್ಮನ್, ಪಶ್ಚಿಮದಲ್ಲಿ ಬುರಿ. ಗಂಡ ಒಂದು ಕಡೆಯವನು, ಹೆಂಡತಿ ಇನ್ನೊಂದು ಕಡೆಯವಳಾದರೆ ಯಾರ ಮನೆಯ ಓಝೋನಿ ಎಂಬುದು ಮಾತಿನಲ್ಲಿ ಬಗೆಹರಿಯಬೇಕಾದ ವಿಷಯವೇ.

ಅಡುಗೆಮನೆಯ ಚರಿತ್ರೆ

ಋತುವಿಗೆ ತಕ್ಕ ಅಡುಗೆ ಮನೆವಾರ್ತೆಯ ಶಿಕ್ಷಣವಾಗಿ ಹರಡಿದ್ದು ಮುದ್ರಣದಿಂದ. 1782ರಲ್ಲಿ ತೋಫುವಿನ ನೂರು ಬಗೆಗಳನ್ನು ಹೇಳುವ ಪುಸ್ತಕ ಬಂದು ಜನಪ್ರಿಯವಾಯಿತು. 1903ರಲ್ಲಿ ಮುರೈ ಗೆನ್ಸೈ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ‘ಕುಯ್ದೋರಾಕು’ ಕಾದಂಬರಿ ನೂರಾರು ಅಡುಗೆಗಳನ್ನು ಕಥೆಯೊಳಗೆ ಹೆಣೆದು, ವಸಂತ, ಬೇಸಗೆ, ಶರತ್, ಚಳಿಗಾಲ ಎಂಬ ಸಂಪುಟಗಳಾಗಿ ಪ್ರಕಟವಾಯಿತು. 1957ರಲ್ಲಿ ಶುರುವಾದ ಎನ್‌ಎಚ್‌ಕೆಯ ‘ಕ್ಯೋ ನೊ ರ್‍ಯೋರಿ’ ಟಿವಿ ಕಾರ್ಯಕ್ರಮ ಇನ್ನೂ ನಡೆಯುತ್ತಿದೆ. 1955ರ ಕೊನೆಯಲ್ಲಿ ತೋಶಿಬಾ ಮಾರುಕಟ್ಟೆಗೆ ಬಿಟ್ಟ ವಿದ್ಯುತ್ ಅನ್ನದ ಪಾತ್ರೆ ಇದಕ್ಕಿಂತಲೂ ದೊಡ್ಡ ಬದಲಾವಣೆ. ಸಣ್ಣ ಕಾರ್ಖಾನೆ ನಡೆಸುತ್ತಿದ್ದ ಮಿನಮಿ ಯೊಶಿತದ ಮತ್ತು ಅವರ ಪತ್ನಿ ಫುಮಿಕೊ ವರ್ಷಗಟ್ಟಲೆ ಅನ್ನ ಬೇಯಿಸಿ ಬೇಯಿಸಿ ಅದನ್ನು ರೂಪಿಸಿದರು. ನಸುಕಿನಲ್ಲಿ ಎದ್ದು ಒಲೆ ಊದುವ ಕೆಲಸ ಹೋಯಿತು; ಉಳಿದ ಹೊತ್ತು ಸಾರು, ಪಲ್ಯಕ್ಕೆ ಸಿಕ್ಕಿತು.

ಕಾಲ ಬದಲಾದ ಮೇಲೆ

ಪ್ಲಾಸ್ಟಿಕ್ ಹಸಿರುಮನೆಗಳು ಬಂದು ಸೌತೆ, ಟೊಮೆಟೊ ವರ್ಷವಿಡೀ ಸಿಗುತ್ತಿವೆ. ಕ್ಯಾಲೊರಿ ಲೆಕ್ಕದಲ್ಲಿ ಜಪಾನ್ ತಾನೇ ಬೆಳೆಯುವ ಆಹಾರ ಶೇ. 38ರ ಆಸುಪಾಸು ಮಾತ್ರ. ಓಸೆಚಿಯನ್ನು ಅಂಗಡಿಯಿಂದ ತರಿಸುವುದು ಈಗ ಸಾಮಾನ್ಯ. ಫೆಬ್ರುವರಿಯ ಸೆತ್ಸುಬುನ್ ದಿನ ಉದ್ದ ಸುಶಿ ಸುರುಳಿ ತಿನ್ನುವ ಒಸಾಕ ಕಡೆಯ ಆಚರಣೆ ಅಂಗಡಿ ಸರಪಳಿಗಳಿಂದ ದೇಶವ್ಯಾಪಿಯಾಗಿ, ಮಾರಾಟವಾಗದೆ ಉಳಿದ ಸುರುಳಿಗಳು ಕಸವಾಗುತ್ತಿವೆಯೆಂದು 2019ರಲ್ಲಿ ಕೃಷಿ ಸಚಿವಾಲಯವೇ ವರ್ತಕರನ್ನು ಎಚ್ಚರಿಸಿತು. ಹವಾಮಾನದ ಪೆಟ್ಟು ಇನ್ನೂ ಆಳದ್ದು. 2024ರಲ್ಲಿ ಬೆಚ್ಚನೆಯ ಚಳಿಗಾಲ ಮತ್ತು ಆಲಿಕಲ್ಲಿನಿಂದ, ದೇಶದ ಅರ್ಧಕ್ಕಿಂತ ಹೆಚ್ಚು ಉಮೆ ಬೆಳೆಯುವ ವಕಯಾಮದಲ್ಲಿ ಫಸಲು ಕುಸಿಯಿತು. ಅದೇ ಬೇಸಗೆಯಲ್ಲಿ ಅಂಗಡಿಗಳಲ್ಲಿ ಅಕ್ಕಿಗೇ ಕೊರತೆಯಾಯಿತು.

ಆಹಾರ ನೈರ್ಮಲ್ಯ ಕಾನೂನಿನ ಹೊಸ ನಿಯಮ 2021ರಲ್ಲಿ ಬಂದು, ಮೂರು ವರ್ಷದ ರಿಯಾಯಿತಿ ಮುಗಿದ 2024ರ ಜೂನ್ 1ರಿಂದ ಪೂರ್ತಿ ಜಾರಿಯಾಯಿತು. ಇದರಂತೆ ಉಪ್ಪಿನಕಾಯಿ ತಯಾರಿಸಿ ಮಾರುವವರು ಪರವಾನಗಿ ಪಡೆಯಬೇಕು. ಅದಕ್ಕೆ ಮನೆಯ ಅಡುಗೆಕೋಣೆಯಿಂದ ಬೇರೆಯಾದ, ನಿಗದಿತ ಸೌಕರ್ಯವುಳ್ಳ ಜಾಗ ಬೇಕು. ರಸ್ತೆಬದಿಯ ರೈತ ಮಳಿಗೆಗಳಿಗೆ ಉಮೆಬೊಶಿ, ಅಥವಾ ಅಕಿತದ ಹೊಗೆ ಹಿಡಿಸಿದ ಮೂಲಂಗಿಯನ್ನು ಒದಗಿಸುತ್ತಿದ್ದವರಲ್ಲಿ ವಯಸ್ಸಾದ ರೈತ ಮಹಿಳೆಯರೇ ಬಹಳ. ಹಣ ಸುರಿದು ಹೊಸ ಕೋಣೆ ಕಟ್ಟಲಾರದೆ ಅನೇಕರು ಕೆಲಸ ನಿಲ್ಲಿಸಿದರು. ಸುರಕ್ಷತೆಯ ನಿಯಮ ಬೇಕು, ಅದರಲ್ಲಿ ಎರಡು ಮಾತಿಲ್ಲ. 2012ರಲ್ಲಿ ಕಲುಷಿತ ಚೀನಾ ಕೋಸಿನ ಉಪ್ಪಿನಕಾಯಿಯಿಂದ ಹೊಕ್ಕೈದೊದಲ್ಲಿ ಜನ ಸತ್ತಿದ್ದರು. ಆದರೆ ನಿಯಮದ ಜೊತೆಗೆ ಊರಿಗೊಂದು ಹಂಚಿಕೊಳ್ಳುವ ಅಡುಗೆಕೋಣೆಯಾದರೂ ಸಿಗದಿದ್ದರೆ, ಒಬ್ಬೊಬ್ಬರ ಕೈಯಳತೆಯಲ್ಲಿ ಮಾತ್ರ ಇದ್ದ ರುಚಿಗಳು ಆ ಕೈಗಳೊಂದಿಗೇ ಹೋಗುತ್ತವೆ. ಸ್ವಂತ ಮನೆಯ ಬಳಕೆಗೆ ಹಾಕಿಕೊಳ್ಳುವ ಉಪ್ಪಿನಕಾಯಿಗೆ ಈ ಕಾನೂನು ಅನ್ವಯಿಸುವುದಿಲ್ಲ.